ಪ್ರೊಸೆಸರ್ ಹೆಸರಿನ ಬಾಲವನ್ನೂ ಓದಿ

ಅಡಿಕೆ ತೋಟದ ಲೆಕ್ಕಕ್ಕೂ ಮಗಳ ಆನ್‌ಲೈನ್ ತರಗತಿಗೂ ಆಗುವ, ಮಳೆಗಾಲದಲ್ಲಿ ಕರೆಂಟು ಹೋದಾಗಲೂ ನಾಲ್ಕು ತಾಸು ನಡೆಯುವ ಲ್ಯಾಪ್‌ಟಾಪ್ ಬೇಕು, ಇಂಟೆಲ್ ಐ5-1235ಯು ಕೊಳ್ಳಲೋ ಐ5-12450ಎಚ್ ಕೊಳ್ಳಲೋ ಎಂದು ನಮ್ಮ ಗುಂಪಿನ ತೀರ್ಥಹಳ್ಳಿಯ ಸದಸ್ಯರು ಕೇಳಿದ್ದಾರೆ. ಈ ಕೆಲಸಗಳಿಗೆ ಮೊದಲನೆಯದೇ ಸರಿ.

ಎರಡೂ 12ನೇ ತಲೆಮಾರಿನವು. ಗರಿಷ್ಠ ವೇಗ ಎರಡರದ್ದೂ 4.4 ಗಿಗಾಹರ್ಟ್ಸ್, ಥ್ರೆಡ್‌ಗಳೂ (ಒಮ್ಮೆಗೆ ನಡೆಸಬಲ್ಲ ಕೆಲಸದ ಎಳೆಗಳು) ತಲಾ 12. ಅಂಗಡಿಯಲ್ಲಿ ಇಷ್ಟನ್ನೇ ತೋರಿಸುವುದರಿಂದ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಹೇಳುವುದು ಹೆಸರಿನ ಬಾಲದ ಯು, ಎಚ್ ಅಕ್ಷರ. ಯು ಚಿಪ್ಪಿನಲ್ಲಿ ದೊಡ್ಡ ಕೋರ್ (ಲೆಕ್ಕ ಮಾಡುವ ಘಟಕ) 2, ಮಿತವ್ಯಯದ ಸಣ್ಣ ಕೋರ್ 8. ಎಚ್ ಚಿಪ್ಪಿನಲ್ಲಿ 4 ಮತ್ತು 4. ದೊಡ್ಡ ಕೋರ್ ಒಂದಕ್ಕೆ ಎರಡು ಥ್ರೆಡ್, ಸಣ್ಣದಕ್ಕೆ ಒಂದೇ ಆದ್ದರಿಂದ ಎರಡೂ ಕಡೆ ಲೆಕ್ಕ 12ಕ್ಕೇ ಬಂದು ನಿಲ್ಲುತ್ತದೆ. ಉದುರಿದ ಅಡಿಕೆ ಹೆಕ್ಕುವವರು ಎಂಟು ಜನರಿದ್ದರೂ ಅಡಿಕೆ ಗೊನೆ ಇಳಿಯುವುದು ಮರ ಹತ್ತಿ ಕೊಯ್ಯುವ ಕೊನೆಗಾರರ ಕೈವೇಗದ ಮೇಲೆಯೇ ತಾನೆ? ಹಾಗೆಯೇ ವಿಡಿಯೊ ಎಡಿಟಿಂಗ್‌ನಂಥ ಭಾರದ ಕೆಲಸದಲ್ಲಿ ಎಂಟು ಕೋರಿನ ಎಚ್ ಚಿಪ್ಪು ಹತ್ತು ಕೋರಿನ ಯು ಚಿಪ್ಪನ್ನು ಹಿಂದೆ ಹಾಕುತ್ತದೆ.

ಆದರೆ ಅದಕ್ಕೆ ವಿದ್ಯುತ್ತಿನ ಬೆಲೆಯಿದೆ. ಯು ಚಿಪ್ಪಿನ ಮೂಲ ವಿದ್ಯುತ್ ಮಿತಿ 15 ವ್ಯಾಟ್, ಎಚ್ ಚಿಪ್ಪಿನದು 45. ಎಚ್ ಇರುವ ನನ್ನ ಲ್ಯಾಪ್‌ಟಾಪಿಗೆ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪೂ ಸೇರಿ 180 ವ್ಯಾಟಿನ, ಇಟ್ಟಿಗೆಯಂಥ ಅಡಾಪ್ಟರು. ಕಳೆದ ಆಷಾಢದಲ್ಲಿ ಲೈನಿನ ಮೇಲೆ ಮರ ಬಿದ್ದು ಎರಡು ದಿನ ಕರೆಂಟಿಲ್ಲದಾಗ, ಅದನ್ನು ಚಾರ್ಜಿಗೆ ಹಾಕಲು ಇನ್ವರ್ಟರಿನ ಮೇಲಿದ್ದ ಉಳಿದದ್ದನ್ನೆಲ್ಲ ಆರಿಸಬೇಕಾಯಿತು.

ಬಿಸಿಯದೂ ಒಂದು ಮಾತಿದೆ. ಅಡಿಕೆ ಸುಲಿಯುವ ದಿನಗಳಲ್ಲಿ ಆ ಲ್ಯಾಪ್‌ಟಾಪನ್ನು ಜಗುಲಿಯಲ್ಲೇ ಇಟ್ಟುಕೊಂಡು ಲೆಕ್ಕ ಬರೆಯುತ್ತಿದ್ದೆ. ಫ್ಯಾನಿನ ಜಾಲರಿಗೆ ಸಿಪ್ಪೆಯ ನಾರು ಮೆತ್ತಿ, ಶಾಖ ನೂರು ಡಿಗ್ರಿಯ ಹತ್ತಿರ ಹೋದಾಗ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸಿತು. ಟಾಸ್ಕ್ ಮ್ಯಾನೇಜರಿನಲ್ಲಿ ಒಂದು ಗಿಗಾಹರ್ಟ್ಸ್ ಆಸುಪಾಸು ಕಾಣುತ್ತಿತ್ತು. ಮೆತ್ತನೆಯ ಬ್ರಷ್ಷಿನಿಂದ ಜಾಲರಿ ಒರೆಸಿದ ಮೇಲೆ ಮೂರನ್ನು ದಾಟಿತು.

ಇನ್ನೊಬ್ಬರು ಸೂಚಿಸಿದ, ಎಎಂಡಿ ಕಂಪನಿಯ ರೈಜೆನ್ 5 7520ಯು ಪ್ರೊಸೆಸರ್ ಬಗ್ಗೆ ಎಚ್ಚರವಿರಲಿ. ಆ ಸಂಖ್ಯೆಯಲ್ಲಿ ಒಳವಿನ್ಯಾಸವನ್ನು ಹೇಳುವುದು ಮೂರನೆಯ ಅಂಕಿ: 7520ಯು ಹಳೆಯ ಝೆನ್ 2 ಎಂಬ ವಿನ್ಯಾಸದ ನಾಲ್ಕು ಕೋರ್, 7530ಯು ಝೆನ್ 3ರ ಆರು ಕೋರ್. ಮೇಲಾಗಿ 7520ಯು ಜೊತೆ ಬರುವ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. 8 ಜಿಬಿ ಕೊಂಡರೆ ಕೊನೆಯವರೆಗೂ ಅಷ್ಟೇ. 1235ಯು ಕೊಳ್ಳುವಾಗಲೂ ರ‍್ಯಾಮ್ ಸ್ಲಾಟ್ ಒಂದಾದರೂ ಖಾಲಿ ಇದೆಯೇ ಎಂದು ಹಣ ಕೊಡುವ ಮೊದಲೇ ಕೇಳಿ.