ಅದು ದಿಕ್ಸೂಚಿ ಅಲ್ಲ, ಕೈವಾರ

ಮೇಡಂ, ಬೆಳಗ್ಗೆ ನೀವು ಗುಂಪಿಗೆ ಹಾಕಿದ, ನಾನೂರು ವರ್ಷ ಹಿಂದಿನ ಇಂಗ್ಲಿಷ್ ಕವಿ ಜಾನ್ ಡನ್‌ನ ‘ಎ ವ್ಯಾಲಿಡಿಕ್ಷನ್: ಫರ್ಬಿಡಿಂಗ್ ಮೋರ್ನಿಂಗ್’ ಅನುವಾದ ಓದಿದೆ. ಊರು ಬಿಟ್ಟು ಹೊರಟವನು ತನ್ನವಳಿಗೆ ಅಳಬೇಡ ಎಂದು ಹೇಳಿಹೋಗುವ ಆ ಒಂಬತ್ತು ಚರಣದ ಕವಿತೆ. ಕೆಳಗೆ ಎಲ್ಲರೂ ಹೂವು, ಚಪ್ಪಾಳೆ ಹಾಕಿದ್ದಾರೆ. ನನಗೆ ಹಾಕಲು ಮನಸ್ಸಾಗಲಿಲ್ಲ. ಏಳನೇ ಚರಣದಲ್ಲಿ ‘ಜೋಡಿ ದಿಕ್ಸೂಚಿಯಂತೆ ನಮ್ಮಾತ್ಮ, ನಿನ್ನ ಮುಳ್ಳು ಸದಾ ಉತ್ತರಕ್ಕೆ’ ಅಂತ ಬರೆದಿದ್ದೀರಿ. ಅಲ್ಲಿರೋದು ದಿಕ್ಸೂಚಿ ಅಲ್ಲ, ಕೈವಾರ. ಮಕ್ಕಳ ಜಾಮಿಟ್ರಿ ಬಾಕ್ಸಿನಲ್ಲಿ ಇರುತ್ತಲ್ಲ, ವೃತ್ತ ಎಳೆಯೋದು, ಅದು.

ಬೇಜಾರು ಮಾಡಿಕೊಳ್ಳಬೇಡಿ. ಇದೇ ತಪ್ಪನ್ನು ನಾನು ಮಾಡಿ, ಅಚ್ಚೂ ಹಾಕಿಸಿ, ನಾಲ್ಕು ಜನರಿಂದ ಭೇಷ್ ಅನ್ನಿಸಿಕೊಂಡವನು. ಎಂ.ಎ. ಮುಗಿದ ವರ್ಷ ಒಂದು ಸಣ್ಣ ಪತ್ರಿಕೆಗೆ ಇದೇ ಕವಿತೆ ಮಾಡಿಕೊಟ್ಟಿದ್ದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಕಂಪಾಸ್ ಎಂಬ ಒಂದೇ ಪದ ನೋಡಿ, ನನಗೆ ಹಡಗು, ಸಮುದ್ರ, ದೂರಪ್ರಯಾಣ ಎಲ್ಲಾ ಕಣ್ಣೆದುರು ಬಂದು ದಿಕ್ಸೂಚಿ ಎಂದು ಬರೆದುಬಿಟ್ಟೆ. ಮುಂದಿನ ಸಾಲಿನಲ್ಲಿ ‘ಊರಿದ ಕಾಲು’ ಬಂತು. ದಿಕ್ಸೂಚಿಗೆ ಕಾಲೆಲ್ಲಿ? ಕವಿಯೇ ಎಡವಿರಬೇಕು ಎಂದುಕೊಂಡು ಕಾಲನ್ನು ಮುಳ್ಳು ಮಾಡಿದೆ. ಅದು ಬಾಗುತ್ತದೆ ಅಂತಿತ್ತು, ನಡುಗುತ್ತದೆ ಅಂತ ತಿದ್ದಿದೆ. ನೆಟ್ಟಗಾಗುತ್ತದೆ ಎಂದಿದ್ದದ್ದು ಉತ್ತರಕ್ಕೆ ತಿರುಗಿ ನಿಂತಿತು. ಒಂದು ಸುಳ್ಳು ಮುಚ್ಚೋಕೆ ಮೂರು ಸುಳ್ಳು, ಆಮೇಲೂ ಕೊನೆಯ ಚರಣದ ವೃತ್ತ ಉಳಿದೇ ಉಳಿಯಿತು. ಅದನ್ನು ‘ಬದುಕಿನ ವೃತ್ತ’ ಅಂತ ಏನೋ ಮಾಡಿ ಪಾರಾದೆ.

ತಿಂಗಳ ಮೇಲೆ ಒಂದು ಕಾರ್ಡ್ ಬಂತು. ನಿವೃತ್ತ ಗಣಿತದ ಮೇಷ್ಟ್ರೊಬ್ಬರು. ಮೂರೇ ವಾಕ್ಯ: ‘ಅನುವಾದ ಓದಿದೆ. ದಿಕ್ಸೂಚಿಗೆ ವೃತ್ತ ಎಳೆಯಲು ಬಾರದು. ಹಾಗಾದರೆ ಕೊನೆಯಲ್ಲಿ ಎಳೆದವರು ಯಾರು?’ ಇಂಗ್ಲಿಷ್ ಮೇಷ್ಟ್ರುಗಳು ಯಾರೂ ಹಿಡಿಯಲಿಲ್ಲ ಅನ್ನೋದನ್ನು ಗಮನಿಸಿ.

ಅಂದಿನಿಂದ ನನ್ನದೊಂದು ಪದ್ಧತಿ. ಡನ್ ಥರದ ಕವಿಗಳು ಹೋಲಿಕೆಗೆ ಯಾವ ವಸ್ತು ತಂದರೂ ಆ ವಸ್ತುವನ್ನು ಮೇಜಿನ ಮೇಲೆ ತಂದಿಟ್ಟುಕೊಂಡು ಓದೋದು. ನಗಬೇಡಿ. ರೊಮ್ಯಾಂಟಿಕ್ ಕವಿಗಳಿಗೆ ಇದು ಬೇಕಾಗಲ್ಲ, ಗುಲಾಬಿ ಮನಸ್ಸಿನಲ್ಲೇ ಅರಳುತ್ತೆ. ಡನ್ ಹಾಗಲ್ಲ, ಅವನ ಹೋಲಿಕೆಗಳು ಕೆಲಸ ಮಾಡುತ್ತವೆ. ತಿರುಪು, ಕೀಲು, ತೂಕ ಎಲ್ಲಾ ಇರುತ್ತೆ. ಇವತ್ತೂ ನಿಮ್ಮ ಅನುವಾದ ಓದಿದ ಮೇಲೆ ಮಗಳ ಬಾಕ್ಸಿನಿಂದ ಕೈವಾರ ತಂದುಕೊಂಡೇ ಇದನ್ನು ಬರೀತಿದ್ದೇನೆ.

ನೀವೂ ಮಾಡಿ ನೋಡಿ. ಮೊನೆಯನ್ನು ಕಾಗದಕ್ಕೆ ಊರಿ, ಇನ್ನೊಂದು ಕಾಲನ್ನು ಮೆಲ್ಲಗೆ ದೂರ ಸರಿಸಿ. ಊರಿದ ಕಾಲು, ಅಂದರೆ ಮನೆಯಲ್ಲಿ ಉಳಿದವಳು, ಜಾಗ ಬಿಡಲ್ಲ. ಆದರೆ ಅದರ ತಲೆ ಹೊರಟ ಕಾಲಿನ ಕಡೆಗೇ ವಾಲುತ್ತೆ. ದೂರ ಹೋದಷ್ಟೂ ಹೆಚ್ಚು ವಾಲುತ್ತೆ. ಎಂಟನೇ ಚರಣದಲ್ಲಿ ಅವಳು ‘ಬಾಗಿ ಆಲಿಸುತ್ತಾಳೆ’ ಅನ್ನೋದು ಇದೇ. ಈಗ ಹೊರಗಿನ ಕಾಲನ್ನು ಹತ್ತಿರಕ್ಕೆ ತನ್ನಿ. ಮಡಿಸುತ್ತಾ ಬಂದ ಹಾಗೆ ಊರಿದ ಕಾಲು ನೆಟ್ಟಗಾಗುತ್ತೆ. ಗಂಡ ಮನೆಗೆ ಬಂದ, ಕಾದವಳು ಎದ್ದು ನಿಂತಳು. (ಆ ಎದ್ದು ನಿಲ್ಲುವ ಪದಕ್ಕೆ ಇಂಗ್ಲಿಷಿನಲ್ಲಿ ಇನ್ನೊಂದು ತುಂಟ ಅರ್ಥವೂ ಇದೆ. ಡನ್‌ಗೆ ಗೊತ್ತಿಲ್ಲದೆ ಬಂದಿರಲಾರದು. ಕನ್ನಡದಲ್ಲಿ ಅದನ್ನು ಎಳೆದು ತರಬೇಡಿ, ಕೆಟ್ಟದಾಗಿ ಕಾಣುತ್ತೆ.)

ಆದರೆ ಇಲ್ಲೊಂದು ತೊಡಕಿದೆ. ವೃತ್ತ ಎಳೆಯೋದು ಬೇರೆ, ಮಡಿಸೋದು ಬೇರೆ. ವೃತ್ತ ಎಳೆಯುವಾಗ ಹೊರಗಿನ ಕಾಲು ಕೇಂದ್ರಕ್ಕೆ ಬರೋದೇ ಇಲ್ಲ, ಹೊರಟ ಬಿಂದುವಿಗೆ ಬರುತ್ತೆ ಅಷ್ಟೆ. ಎಂಟನೇ ಚರಣದ ಮನೆ ಕೇಂದ್ರ. ಒಂಬತ್ತನೆಯದರಲ್ಲಿ ಅವನು ಮುಗಿಯುವುದು ಪರಿಧಿಯ ಮೇಲೆ. ಎರಡು ಚಲನೆ, ಕವಿ ಒಂದಾದ ಮೇಲೊಂದು ಆಡಿಸಿದ್ದಾನೆ. ನೀವು ಎರಡನ್ನೂ ‘ಮರಳಿ ಬರುವೆ’ ಎಂದು ಒಂದೇ ಮಾಡಿದ್ದೀರಿ. ನಾನೂ ಮಾಡಿದ್ದೆ. ಬೇರೆ ಬೇರೆ ಇಡಿ.

ಮಗಳ ಕೈವಾರದ ತಿರುಪು ಸಡಿಲ. ವೃತ್ತ ಎಳೆದರೆ ಕೊನೆಗೆ ಕೂಡಲೇ ಇಲ್ಲ, ಒಂದು ಕಡ್ಡಿಯಷ್ಟು ಜಾಗ ಬಿಟ್ಟಿತು. ಏಳನೇ ಚರಣದಲ್ಲಿ ಕೈವಾರಕ್ಕೆ ‘ಬಿಗಿ’ ಎಂಬ ವಿಶೇಷಣ ಹಾಕಿದ್ದಾನಲ್ಲ, ಇಷ್ಟು ವರ್ಷ ಅದು ಮಾತ್ರೆ ತುಂಬಿಸೋಕೆ ಎಂದುಕೊಂಡಿದ್ದೆ. ಬಿಗಿ ಇಲ್ಲದಿದ್ದರೆ ಕೊನೆಯ ಚರಣದ ವೃತ್ತವೇ ಕೂಡುವುದಿಲ್ಲ! ಎರಡು ಚರಣ ಮೊದಲೇ ತಿರುಪು ಬಿಗಿದಿಟ್ಟಿದ್ದಾನೆ ಆಸಾಮಿ. ನಿಮ್ಮ ಅನುವಾದದಲ್ಲಿ ಆ ಪದ ಬಿಟ್ಟುಹೋಗಿದೆ, ಸೇರಿಸಿ. ಪ್ರಯೋಗಕ್ಕೆ ಕ್ಯಾಮ್ಲಿನ್‌ನದು ತಗೊಳ್ಳಿ, ಕೀಲು ಗಟ್ಟಿ ಇರುತ್ತೆ. ಜಾತ್ರೆಯಲ್ಲಿ ಸಿಗುವ ತಗಡಿನದು ಬೇಡ. ‘ಅವಳಿ’ ಅಂದಿದ್ದಾನೆ ಎಂಬುದನ್ನೂ ಮರೆಯಬೇಡಿ, ಎರಡೂ ಕಾಲು ಒಂದೇ ಥರ. ಆದ್ದರಿಂದ ನೀವು ಆಮೇಲೆ ಸೇರಿಸುತ್ತೇನೆ ಎಂದ ಪೆನ್ಸಿಲ್ ರೂಪಕ ಬೇಡವೇ ಬೇಡ.

ಒಂಬತ್ತನೇ ಚರಣದಲ್ಲಿ ‘ನ್ಯಾಯದ ವೃತ್ತ’ ಎಂದಿದ್ದೀರಿ. ಅಲ್ಲಿ ‘ಜಸ್ಟ್’ ಎಂಬ ಇಂಗ್ಲಿಷ್ ಪದಕ್ಕೆ ಕರಾರುವಾಕ್ಕು, ಸರಿಯಾಗಿ ಕೂಡಿದ್ದು ಎಂದರ್ಥ. ಕೋರ್ಟು ಕಚೇರಿ ಬೇಡ.

ನನ್ನ ಈಗಿನ ಎಂಟನೇ ಚರಣ ಹೀಗಿದೆ, ಬೇಕಾದರೆ ನೋಡಿ:

ನಡುವೆ ನಟ್ಟು ಕೂತಿದ್ದರೂ ಆ ಕಾಲು
ಈ ಕಾಲು ದೂರ ಅಲೆವಾಗ
ಬಾಗಿ ಕಿವಿಗೊಟ್ಟು ಆಲಿಸುತ್ತದೆ,
ನೆಟ್ಟಗಾಗುತ್ತದೆ ಇದು ಮನೆಗೆ ಬಂದಾಗ.

ಪ್ರಾಸ ಕುಂಟಿದೆ, ಗೊತ್ತು. ಮೂಲದಲ್ಲಿ ಒಂದು ಬಿಟ್ಟು ಒಂದು ಸಾಲು ಪ್ರಾಸ. ಭಾಮಿನಿಗೆ ಕೂಡಿಸಲು ಹೋಗಿದ್ದೆ, ಕೈವಾರ ಕುಮಾರವ್ಯಾಸನ ಗದೆಯ ಹಾಗೆ ಬೀಸತೊಡಗಿತು. ಬಿಟ್ಟೆ.

ಇನ್ನೊಂದು ಮಾತು, ಇದು ನಮಗೆ ಪುಕ್ಕಟೆ ಸಿಕ್ಕಿದ್ದು. ಹಳಗನ್ನಡದಲ್ಲಿ ಕೈವಾರ ಎಂದರೆ ಸ್ತುತಿ, ಹೊಗಳಿಕೆ. ಕೈವಾರಿಸು ಎಂದರೆ ಹೊಗಳು. ಹೆಂಡತಿಯನ್ನು ಕೈವಾರ ಎಂದರೆ ಕೈವಾರಿಸಿದ ಹಾಗೂ ಆಯಿತು. ಇಂಗ್ಲಿಷಿನವರಿಗೆ ಈ ಶ್ಲೇಷೆ ಇಲ್ಲ. ನೀವು ಅದನ್ನು ಬಿಟ್ಟು ಮ್ಯಾಗ್ನೆಟ್ ಹಿಂದೆ ಹೋದಿರಿ.

ಅದಿರಲಿ, ‘ಹೆಂಡತಿ’ ಎಂದೆ. ಅಲ್ಲೂ ಸ್ವಲ್ಪ ಜೋಪಾನ. 1611ರಲ್ಲಿ ಸರ್ ರಾಬರ್ಟ್ ಡ್ರೂರಿ ಜೊತೆ ಫ್ರಾನ್ಸಿಗೆ ಹೊರಟಾಗ ಹೆಂಡತಿ ಆನ್‌ಗೆ ಬರೆದುಕೊಟ್ಟದ್ದು ಎಂದು ನೀವು ಖಡಾಖಂಡಿತ ಟಿಪ್ಪಣಿ ಹಾಕಿದ್ದೀರಿ. ಹಾಗೆ ಹೇಳಿದವನು ಡನ್‌ನ ಜೀವನಚರಿತ್ರೆ ಬರೆದ ಐಸಾಕ್ ವಾಲ್ಟನ್, ಅದೂ 1675ರ ಆವೃತ್ತಿಯಲ್ಲಿ, ಡನ್ ತೀರಿಕೊಂಡು ನಲವತ್ತು ವರ್ಷ ದಾಟಿದ ಮೇಲೆ. ಕವಿತೆಯೊಳಗೆ ಹೆಸರೂ ಇಲ್ಲ, ಇಸವಿಯೂ ಇಲ್ಲ. ಆ ಪ್ರಯಾಣ ನಿಜ, ಆಗ ಆನ್ ಬಸುರಿ, ಮಗು ಸತ್ತು ಹುಟ್ಟಿತು ಎಂಬುದೂ ನಿಜ. 1601ರಲ್ಲಿ ಗುಟ್ಟಾಗಿ ಮದುವೆಯಾಗಿ ಕೆಲಸ ಕಳೆದುಕೊಂಡು ಜೈಲು ಕಂಡ ಮನುಷ್ಯ ಅವನು. ಕಥೆ ಎಷ್ಟು ಚೆಂದ ಕೂಡಿದರೂ ‘ಎಂದು ವಾಲ್ಟನ್ ಹೇಳುತ್ತಾನೆ’ ಅಂತ ಸೇರಿಸಿ, ಸಾಕು.

ನಾಲ್ಕನೇ ಚರಣ. ‘ಬೆಳದಿಂಗಳ ಪ್ರೇಮಿಗಳು’ ಎಂದಿದ್ದೀರಿ. ಅಯ್ಯೋ! ಅಲ್ಲಿ ಅವನು ಬೈಯುತ್ತಿದ್ದಾನೆ. ಚಂದ್ರನಿಂದ ಕೆಳಗಿರುವುದೆಲ್ಲ ಬದಲಾಗುತ್ತೆ, ಕೊಳೆಯುತ್ತೆ; ಮೇಲಿನದಕ್ಕೆ ಕೇಡಿಲ್ಲ ಅನ್ನೋದು ಅವರ ಕಾಲದ ವಿಶ್ವಚಿತ್ರ. ಚಂದ್ರನ ಕೆಳಗಿನ ಮಂಕು ಪ್ರೇಮಿಗಳು ಅಂದರೆ ಮೈ ಕಾಣದಿದ್ದರೆ ಪ್ರೇಮವೇ ಸತ್ತುಹೋಗುವವರು. ನಮಗೆ ಚಂದ್ರ ಕಂಡ ತಕ್ಷಣ ಕೈ ತಾನಾಗಿ ಬೆಳದಿಂಗಳು ಬರೆದುಬಿಡುತ್ತೆ. ಇದು ಬಿಎಂಶ್ರೀ ಅವರ ಕಾಲದಿಂದ ಬಂದ ಅಭ್ಯಾಸ ಎಂದು ನನ್ನ ಗುಮಾನಿ. 1926ರ ಅವರ ಅನುವಾದಗಳಿಗೆ ಹೆಚ್ಚಿನ ಮೂಲ ಪಾಲ್‌ಗ್ರೇವ್ ಆರಿಸಿದ ಇಂಗ್ಲಿಷ್ ಕವಿತೆಗಳ ಸಂಕಲನ. 1861ರ ಅದರ ಮೊದಲ ಆವೃತ್ತಿಯಲ್ಲಿ ಡನ್ ಹೆಸರೇ ಇಲ್ಲ. ನಮ್ಮ ಕಿವಿ ಪಳಗಿದ್ದೇ ಬೇರೆ ಇಂಗ್ಲಿಷಿಗೆ.

ಮೂರನೇ ಚರಣದಲ್ಲಿ ಭೂಕಂಪಕ್ಕೆ ಎದುರಾಗಿ ಗೋಳಗಳ ಕಂಪನ ಬರುತ್ತಲ್ಲ, ಅದನ್ನು ‘ನಕ್ಷತ್ರಗಳ ನಡುಕ’ ಎಂದು ಮಾಡಿದ್ದೀರಿ. ಮೇಷ್ಟ್ರ ಕಾರ್ಡ್ ಬಂದ ಮೇಲೆ ನಾನು ಮೊದಲು ಓಡಿದ್ದು ನಮ್ಮ ಬೀದಿಯ ಪಂಚಾಂಗದವರ ಹತ್ತಿರ. ಅದು ಖಗೋಳದ ಪಾರಿಭಾಷಿಕ: ವಿಷುವಬಿಂದು, ಅಂದರೆ ಹಗಲು ರಾತ್ರಿ ಸಮವಾದಾಗ ಸೂರ್ಯ ಇರುವ ಜಾಗ, ಒಂದೇ ದಿಕ್ಕಿಗೆ ಸರಿಯದೆ ಹಿಂದೆ ಮುಂದೆ ತೂಗಾಡುತ್ತೆ ಎಂಬ ಹಳೆಯ ಲೆಕ್ಕ. ನಮ್ಮ ಸೂರ್ಯಸಿದ್ಧಾಂತದಲ್ಲೂ ಅಯನ 27 ಅಂಶ ಆಚೆ ಈಚೆ ತೂಗುತ್ತೆ. ‘ಅಯನದ ತೂಗಾಟ’ ಎಂದರೆ ಪಂಚಾಂಗ ನೋಡುವವರಿಗೆ ತಿಳಿಯುತ್ತೆ. ಅವನ ವಾದ ಸರಳ. ನೆಲ ಅಲ್ಲಾಡಿದರೆ ಊರೆಲ್ಲ ಹೆದರುತ್ತೆ. ಅದಕ್ಕಿಂತ ಎಷ್ಟೋ ದೊಡ್ಡ ಆಕಾಶದ ಅಲುಗಾಟ ಯಾರಿಗೂ ಕೆಡುಕು ಮಾಡಲ್ಲ. ನಮ್ಮ ಅಗಲಿಕೆಯೂ ಅಂಥದ್ದು.

ಆರನೆಯದು ಚೆನ್ನಾಗಿ ಬಂದಿದೆ. ‘ಬಂಗಾರದ ಹಾಳೆ’ಗಿಂತ ‘ರೇಕು’ ಅನ್ನಿ, ಮೈಸೂರು ಚಿತ್ರ ಬರೆಯುವವರ ಪದ. ಒಂದು ಗ್ರಾಂ ಚಿನ್ನ ಬಡಿದರೆ ಸುಮಾರು ಒಂದು ಚದರ ಮೀಟರ್ ಹರಡುತ್ತೆ, ಹರಿಯಲ್ಲ. ಆತ್ಮ ಎರಡಲ್ಲ ಒಂದೇ, ಅಗಲಿಕೆ ಎಂದರೆ ತುಂಡಾಗೋದಲ್ಲ, ಹರಡಿಕೊಳ್ಳೋದು. ಅದಾದ ಮೇಲೆ ‘ಎರಡೇ ಅನ್ನೋದಾದರೆ’ ಎಂದು ಒಂದು ಹೆಜ್ಜೆ ಬಿಟ್ಟುಕೊಟ್ಟು ಕೈವಾರ ತೆಗೀತಾನೆ. ವಕೀಲನ ಚಾಳಿ. ಆ ‘ಅನ್ನೋದಾದರೆ’ ನಿಮ್ಮಲ್ಲಿ ಇಲ್ಲ. ಅದಿಲ್ಲದಿದ್ದರೆ ರೇಕು, ಕೈವಾರ ಎರಡೂ ಅಂಗಡಿಯಲ್ಲಿ ಸಾಲಾಗಿ ಇಟ್ಟ ಸಾಮಾನಿನ ಹಾಗೆ ಕಾಣುತ್ತವೆ.

ಕೆಳಗೆ ಒಬ್ಬರು ‘ಇದು ನಮ್ಮ ಬೆಡಗಿನ ವಚನದ ಹಾಗೇ ಇದೆ’ ಎಂದಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಅಲ್ಲಮ ಮುಚ್ಚಿಡುತ್ತಾನೆ, ಒಳಗಿನವರಿಗೆ ಮಾತ್ರ ತೆರೆಯುತ್ತದೆ. ಡನ್ ಎದುರಿಗೆ ಕೂರಿಸಿಕೊಂಡು ಒಪ್ಪಿಸುತ್ತಾನೆ. ಹತ್ತಿರದ್ದು ಬೇಕೆಂದರೆ ಒಂದು ಹೋಲಿಕೆಯನ್ನು ಅಂಗಾಂಗವಾಗಿ ಬಿಡಿಸಿ ನಡೆಸುವ ಸಾಂಗರೂಪಕ ಅನ್ನಿ, ಅದೂ ಪೂರ್ತಿ ಹೊಂದಲ್ಲ. ಡನ್ ಥರದ ಕವಿಗಳಿಗೆ ಅಂಟಿದ ಮೆಟಫಿಸಿಕಲ್ ಅನ್ನೋ ಹೆಸರನ್ನು ‘ಆಧ್ಯಾತ್ಮಿಕ ಕವಿಗಳು’ ಎಂದು ಮಾಡೋದನ್ನೂ ದಯವಿಟ್ಟು ನಿಲ್ಲಿಸಿ. ಆ ಹೆಸರು ಬೈಗುಳವಾಗಿ ಹುಟ್ಟಿದ್ದು. 1693ರಲ್ಲಿ ಕವಿ ಡ್ರೈಡನ್, ಹೆಂಗಸರ ಮನಸ್ಸು ಮೃದು ಮಾಡಬೇಕಾದ ಕಡೆ ತತ್ತ್ವಶಾಸ್ತ್ರ ಊದುತ್ತಾನೆ ಎಂದು ಡನ್‌ನನ್ನು ಚುಚ್ಚಿದ. 1779ರಲ್ಲಿ ವಿಮರ್ಶಕ ಜಾನ್ಸನ್, ಎಲ್ಲೆಲ್ಲಿಯದೋ ವಿಚಾರಗಳನ್ನು ಬಲವಂತವಾಗಿ ಒಂದೇ ನೊಗಕ್ಕೆ ಕಟ್ಟುತ್ತಾರೆ ಎಂದ. ಈ ಕೈವಾರವನ್ನೇ ಎತ್ತಿಕೊಂಡು, ಇದರಲ್ಲಿ ಹೆಚ್ಚಿರೋದು ಅಸಂಬದ್ಧತೆಯೋ ಜಾಣತನವೋ ಎಂದು ಕೇಳಿದ. ಹಾಗೆ ನೋಡಿದರೆ ಕೈವಾರದ ಹೋಲಿಕೆ ಡನ್‌ನ ಸ್ವಂತದ್ದೂ ಅಲ್ಲ, ಇಟಲಿಯ ಕವಿ ಗ್ವಾರಿನಿಯಲ್ಲಿ ಮೊದಲೇ ಇದೆ. ಇಷ್ಟು ದೂರ ನಡೆಸಿದ್ದು ಮಾತ್ರ ಇವನೇ.

ಗುಂಪಿನ ಪಕ್ಕದ ಎಳೆಯಲ್ಲಿ ಇದೇ ಥರದ ಇನ್ನೊಬ್ಬ ಇಂಗ್ಲಿಷ್ ಕವಿ ಮಾರ್ವೆಲ್‌ನ ಅನುವಾದ ಮಾಡುತ್ತಿರುವ ತಮ್ಮನಿಗೂ ಒಂದು ಮಾತು. ‘ತರಕಾರಿ ಪ್ರೇಮ’ ಎಂದು ಬರೆದು ನಗುವಿನ ಚಿತ್ರ ಹಾಕಿದ್ದೀಯ. ಮಾರ್ವೆಲ್‌ಗೂ ನಗು ಬರುತ್ತಿತ್ತೇನೋ, ಆದರೆ ಅವನು ಹೇಳಿದ್ದು ಬೆಳೆಯುವ ಶಕ್ತಿ ಒಂದೇ ಇರುವ ಸಸ್ಯದ ಆತ್ಮದ ಮಾತು, ಅರಿಸ್ಟಾಟಲ್‌ನಿಂದ ಬಂದದ್ದು. ‘ಗಿಡದಂತೆ ಬೆಳೆವ ಒಲವು’ ಸಾಕು. ‘ಸಸ್ಯಪ್ರೇಮ’ ಎಂದರೆ ವನಮಹೋತ್ಸವ ಆಗುತ್ತೆ. ಹಾಗೇ ಗಂಗೆಯ ದಡದಲ್ಲಿ ಅವಳು ಮಾಣಿಕ್ಯ ಆಯುತ್ತಾಳೆ ಎನ್ನುವಲ್ಲಿ ಗಂಗಾಮಾತೆ, ಪಾವನ ಎಲ್ಲಾ ಸೇರಿಸಿದ್ದೀಯ. ಅವನಿಗೆ ಗಂಗೆ ಎಂದರೆ ಜಗತ್ತಿನ ಆ ತುದಿ, ಅಷ್ಟೆ. ಈ ತುದಿಯಲ್ಲಿ ಅವನ ಊರು ಹಲ್ ಪಕ್ಕದ ಹಂಬರ್ ನದಿ. ತಮಾಷೆ ಇರೋದು ಆ ದೂರದಲ್ಲಿ. ಹಂಬರನ್ನು ತುಂಗೆ ಮಾಡಬೇಡ.

ಇಂಡಿಯಾ ಬಂದಿದ್ದಕ್ಕೆ ನೆನಪಾಯಿತು. ಡನ್ ಸೂರ್ಯನನ್ನು ಗದರುವ ಕವಿತೆಯಲ್ಲಿ ಎರಡು ಇಂಡಿಯಾ ಬರುತ್ತವೆ, ಸಂಬಾರದ್ದು ಮತ್ತು ಗಣಿಯದು. ಗಣಿಯದು ಅಮೆರಿಕದ ಕಡೆಯ ವೆಸ್ಟ್ ಇಂಡೀಸ್. ಸಂಬಾರದ ಕಡೆ ನಾವೂ ಸೇರುತ್ತೇವೆ. ಪೋರ್ಚುಗೀಸರು ಮೆಣಸಿನ ರಾಣಿ ಎಂದ ಗೇರುಸೊಪ್ಪೆಯ ಚೆನ್ನಭೈರಾದೇವಿ ಆಳುತ್ತಿದ್ದಾಗ ಡನ್ ಲಂಡನ್ನಿನಲ್ಲಿ ಹುಡುಗ. ‘ಭಾರತದ ಗಣಿ’ ಎಂದು ಮಾಡಿದವರನ್ನು ನೋಡಿದ್ದೇನೆ, ಅದಕ್ಕೆ ಹೇಳಿದೆ.

ಪುಸ್ತಕ ಯಾವುದು ಎಂದು ಕೇಳಿದ್ದಿರಿ. ಎ. ಜೆ. ಸ್ಮಿತ್ ಸಂಪಾದಿಸಿದ ಪೆಂಗ್ವಿನ್ ತಗೊಳ್ಳಿ, ಹಿಂದಿನ ಟಿಪ್ಪಣಿಗಳೇ ಅರ್ಧ ಮೇಷ್ಟ್ರು. ಗ್ರಿಯರ್ಸನ್‌ನ 1912ರದು ದೊಡ್ಡ ಕೆಲಸ, ಆದರೆ ಹಳೆ ಕಾಗುಣಿತದಲ್ಲಿ ತಿಣುಕುತ್ತೀರಿ. ಪರೀಕ್ಷೆಯ ಗೈಡು ಮಾತ್ರ ಮುಟ್ಟಬೇಡಿ, ನನ್ನ ದಿಕ್ಸೂಚಿಗೆ ಅರ್ಧ ಧೈರ್ಯ ಬಂದದ್ದು ಅಂಥದೊಂದರಿಂದ. ಫೋನಿನ ಅನುವಾದದ ಆಪ್‌ಗೆ ಕೇಳಿದರೂ ದಿಕ್ಸೂಚಿ ಎಂದೇ ಹೇಳೀತು, ಅದಕ್ಕೇನು ಗೊತ್ತು.

ಮುಂದೆ ಡನ್‌ನ ಚಿಗಟದ ಕವಿತೆ ಮಾಡುತ್ತೇನೆ ಎಂದಿದ್ದೀರಲ್ಲ, ದಯವಿಟ್ಟು ಚಿಗಟ ಎಂದೇ ಬರೆಯಿರಿ. ತಿಗಣೆ, ಹೇನು, ಸೊಳ್ಳೆ ಯಾವುದೂ ಬೇಡ. ಅವನನ್ನೂ ಅವನ ನಲ್ಲೆಯನ್ನೂ ಕಚ್ಚಿ ಇಬ್ಬರ ರಕ್ತ ಒಂದೇ ಹೊಟ್ಟೆಯಲ್ಲಿ ಇಟ್ಟುಕೊಂಡು ಕೂರುವ ಹುಳ, ಅವನಿಗೆ ಅದೇ ಮಂಚ, ಅದೇ ಗುಡಿ. ಚರಣಗಳ ನಡುವಿನ ಖಾಲಿ ಜಾಗವನ್ನು ಗಮನಿಸಿ. ಒಂದು, ಎರಡರ ನಡುವೆ ಅವಳು ಕೈ ಎತ್ತುತ್ತಾಳೆ. ಎರಡು, ಮೂರರ ನಡುವೆ ಉಗುರಿನಲ್ಲಿ ಕುಕ್ಕುತ್ತಾಳೆ. ಅವಳು ಒಂದು ಮಾತೂ ನೇರವಾಗಿ ಆಡುವುದಿಲ್ಲ, ಆದರೆ ಗೆಲ್ಲುವವಳು ಅವಳೇ ಅನ್ನಿಸುತ್ತೆ. ಅವನು ಸೋತ ಮೇಲೂ ವಾದ ತಿರುಗಿಸುತ್ತಾನೆ ಬಿಡಿ. ಖಾಲಿ ಜಾಗ ತುಂಬಿಸಲು ಹೋಗಬೇಡಿ.

ತಿದ್ದಿದ ಮೇಲೆ ಇಡೀ ಕವಿತೆ ಬೇಡ, ಏಳು ಎಂಟು ಒಂಬತ್ತನೇ ಚರಣ ಮಾತ್ರ ಹಾಕಿ, ನೋಡೋಣ. ಮಗಳು ಕೈವಾರ ವಾಪಸ್ ಕೇಳುತ್ತಿದ್ದಾಳೆ, ನಾಳೆ ಅವಳಿಗೆ ಗಣಿತದ ಪರೀಕ್ಷೆ. ತಿರುಪು ಬಿಗಿದು ಕೊಡಬೇಕು.