ಓದುಗರ ಪ್ರಶ್ನೆಗಳು: ಸೂಪರ್‌ಹೀರೊ ಕಾಮಿಕ್ಸ್‌ಗೆ ನಿಜವಾದ ಗಿರಾಕಿ ಯಾರು?

ಅಮೆರಿಕದ ಸೂಪರ್‌ಹೀರೊ ಕಾಮಿಕ್ಸ್ ಅಚ್ಚಾಗುವ ಮತ್ತು ಮಾರಾಟವಾಗುವ ಬಗೆಯನ್ನು ಕುರಿತು ಬಂದ ಪತ್ರಗಳಲ್ಲಿ ಐದನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಬರೆದವರೆಲ್ಲರೂ ಈ ಕಥೆಗಳನ್ನು ಪ್ರೀತಿಸುವವರೇ. ಅವು ತಮ್ಮ ಕೈಗೆ ಬಂದು ಸೇರುವ ದಾರಿಯ ಬಗ್ಗೆಯೇ ಅವರ ಮುನಿಸೆಲ್ಲ.

ಪ್ರಶ್ನೆ: ಒಬ್ಬನೇ ನಾಯಕನ ಮಾಸಿಕ ಸರಣಿಯನ್ನು ಹಲವು ವರ್ಷಗಳಿಂದ ಬಿಡದೆ ಓದುತ್ತಿದ್ದೇನೆ. ಈ ಅವಧಿಯಲ್ಲಿ ಅದು ಮೂರು ಸಲ ‘ಸಂಚಿಕೆ 1’ ಆಗಿದೆ. ಗೆಳತಿಗೆ ಓದಲು ಕೊಡೋಣವೆಂದರೆ ಯಾವ ‘ಒಂದ’ರಿಂದ ಶುರುಮಾಡಬೇಕೆಂದು ಹೇಳಲು ನನಗೇ ಆಗಲಿಲ್ಲ. ಕಥೆ ಮುಂದಕ್ಕೆ ಹೋಗುತ್ತಿರುವಾಗ ಎಣಿಕೆ ಮಾತ್ರ ಹಿಂದಕ್ಕೆ ಹೋಗುವುದೇಕೆ?

ಉತ್ತರ: ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಸರಣಿಯ ಜಾತಕವನ್ನು ಒಮ್ಮೆ ತೆರೆದು ನೋಡಿದರೆ ಈ ಗೊಂದಲ ನಿಮ್ಮೊಬ್ಬರದೇ ಅಲ್ಲವೆಂದು ತಿಳಿಯುತ್ತದೆ. 1963ರಲ್ಲಿ ಆರಂಭವಾದ ಆ ಸರಣಿ 441ನೆಯ ಸಂಚಿಕೆಯವರೆಗೆ ಒಂದೇ ಎಣಿಕೆಯಲ್ಲಿ ಸಾಗಿತು. 1999ರ ಜನವರಿಯ ಸಂಚಿಕೆಗೆ ಮತ್ತೆ 1 ಎಂಬ ಸಂಖ್ಯೆ ಬಿತ್ತು. 2003ರಲ್ಲಿ ಹಳೆಯದನ್ನೂ ಹೊಸದನ್ನೂ ಕೂಡಿಸಿ 500 ಎಂದು ಹಬ್ಬ ಮಾಡಿದರು, 2012ರ ಕೊನೆಯಲ್ಲಿ 700ಕ್ಕೆ ತಂದು ನಿಲ್ಲಿಸಿದರು, ಆಮೇಲೆ 2014, 2015, 2018, 2022 ಮತ್ತು 2025ರಲ್ಲಿ ಪುನಃ ಪುನಃ ಒಂದರಿಂದ ತೊಡಗಿದರು. ಸ್ಪೈಡರ್‌ಮ್ಯಾನ್ ವೇಷದ ಹಿಂದಿರುವ ಪೀಟರ್ ಪಾರ್ಕರ್ ಒಬ್ಬನೇ, ಆದರೆ ಅವನಿಗೆ ಏಳು ‘ಮೊದಲ ಸಂಚಿಕೆ’ಗಳು. ನಡುನಡುವೆ ಹಳೆಯ ಓದುಗರ ಸಮಾಧಾನಕ್ಕೆಂದು ಮುಖಪುಟದ ಮೂಲೆಯಲ್ಲಿ ‘ಲೆಗಸಿ’ ಎಂಬ ಹೆಸರಿನಡಿ ಮೂಲ ಎಣಿಕೆಯನ್ನು ಸಣ್ಣ ಅಕ್ಷರಗಳಲ್ಲಿ ಅಚ್ಚುಹಾಕುವುದೂ ಉಂಟು, ಹೀಗಾಗಿ ಒಂದೇ ಸಂಚಿಕೆಗೆ ಎರಡು ಸಂಖ್ಯೆಗಳು.

ಕಾರಣ ಸರಳ. ಯಾವುದೇ ಸರಣಿಯ ಮೊದಲ ಸಂಚಿಕೆಯನ್ನು ಅಂಗಡಿಯವರು ಹೆಚ್ಚು ಪ್ರತಿಗಳಲ್ಲಿ ತರಿಸುತ್ತಾರೆ, ಎರಡನೆಯದನ್ನು ಕಡಿಮೆ, ಮೂರನೆಯದನ್ನು ಇನ್ನೂ ಕಡಿಮೆ. ಇಳಿಯುತ್ತ ಬಂದ ಈ ಗೆರೆಯನ್ನು ಮತ್ತೆ ಮೇಲೆತ್ತಲು ಪ್ರಕಾಶಕರಿಗೆ ಇರುವ ಅತ್ಯಂತ ಅಗ್ಗದ ಉಪಾಯವೆಂದರೆ ಮುಖಪುಟದ ಮೇಲಿನ ಸಂಖ್ಯೆಯನ್ನು ಬದಲಿಸುವುದು. ಅಂದರೆ ಓದುಗರು ಪುಟಸಂಖ್ಯೆಯಂತೆ ಭಾವಿಸುವ ಅಂಕಿಯನ್ನು ಪ್ರಕಾಶಕರು ಜಾಹೀರಾತು ಎಂದು ಭಾವಿಸಿದ್ದಾರೆ. ದೊಡ್ಡ ಸಂಖ್ಯೆಯೇ ಜಾಹೀರಾತಾಗುವ ಸಮಯ ಬಂದಾಗ ಅವರಿಗೆ ಹಳೆಯ ಲೆಕ್ಕ ಕೂಡಲೇ ನೆನಪಾಗುತ್ತದೆ. 1938ರಲ್ಲಿ ಸೂಪರ್‌ಮ್ಯಾನ್‌ನನ್ನು ಪರಿಚಯಿಸಿದ ‘ಆ್ಯಕ್ಷನ್ ಕಾಮಿಕ್ಸ್’ ಅನ್ನು ಡಿಸಿ ಸಂಸ್ಥೆ 2011ರಲ್ಲಿ 904ನೆಯ ಸಂಚಿಕೆಗೆ ಮುಗಿಸಿ ಇತರ ಸರಣಿಗಳೊಂದಿಗೆ ಒಂದರಿಂದ ಆರಂಭಿಸಿತು. 2016ರಲ್ಲಿ ನಡುವಿನ 52 ಸಂಚಿಕೆಗಳನ್ನು ಕೂಡಿಸಿಕೊಂಡು 957 ಎಂದು ಮುಂದುವರಿಸಿದ ಸಂಸ್ಥೆಯೇ 2018ರಲ್ಲಿ ಸಾವಿರದ ಸಂಚಿಕೆಯನ್ನು ಸಂಭ್ರಮದಿಂದ ಹೊರತಂದಿತು.

ನಿಮ್ಮ ಗೆಳತಿಗೆ ಸಂಖ್ಯೆಯ ಬದಲು ಲೇಖಕರ ಹೆಸರನ್ನು ಹೇಳಿ. ಒಬ್ಬ ಲೇಖಕರು ಒಂದು ಸರಣಿಯನ್ನು ವಹಿಸಿಕೊಂಡ ದಿನದಿಂದ ಬಿಟ್ಟ ದಿನದವರೆಗಿನ ಭಾಗವೇ ಈ ಕಥೆಗಳಲ್ಲಿ ನಿಜವಾದ ‘ಪುಸ್ತಕ’. ಹಳೆಯ ಓದುಗರು ತಮ್ಮತಮ್ಮಲ್ಲಿ ಮಾತನಾಡುವಾಗ ಗುರುತಿಗೆ ಬಳಸುವುದೂ ಅದನ್ನೇ.

ಪ್ರಶ್ನೆ: ಒಂದೇ ಸಂಚಿಕೆಗೆ ಹತ್ತು ಹನ್ನೆರಡು ಮುಖಪುಟಗಳು! ಒಳಗಿನ ಕಥೆಯಲ್ಲಿ ಒಂದಕ್ಷರದ ವ್ಯತ್ಯಾಸವೂ ಇರುವುದಿಲ್ಲ. ಒಮ್ಮೆ ಬೇರೆ ಮುಖಪುಟ ಕಂಡು ಹೊಸ ಸಂಚಿಕೆಯೆಂದು ತಿಳಿದು ಓದಿದ್ದನ್ನೇ ಮತ್ತೊಮ್ಮೆ ಕೊಂಡುತಂದೆ. ಇದು ಓದುಗರಿಗೆ ಮಾಡುವ ಮೋಸವಲ್ಲವೇ?

ಉತ್ತರ: ಮೋಸವೆನ್ನಲಾರೆ, ಆದರೆ ಓದುಗನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಏರ್ಪಾಡಂತೂ ಇದಲ್ಲ. 1986ರಲ್ಲಿ ಜಾನ್ ಬರ್ನ್ ಅವರ ಸೂಪರ್‌ಮ್ಯಾನ್ ಸರಣಿ ‘ದಿ ಮ್ಯಾನ್ ಆಫ್ ಸ್ಟೀಲ್’ನ ಮೊದಲ ಸಂಚಿಕೆಗೆ ಎರಡು ಮುಖಪುಟಗಳಿದ್ದವು. 1991ರ ಹೊತ್ತಿಗೆ ಮಾರ್ವೆಲ್ ಸಂಸ್ಥೆಯ ‘ಎಕ್ಸ್‌-ಮೆನ್’ ಮೊದಲ ಸಂಚಿಕೆ ಐದು ಮುಖಪುಟಗಳಲ್ಲಿ ಬಂತು. ನಾಲ್ಕನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದೇ ದೊಡ್ಡ ಚಿತ್ರವಾಗುತ್ತಿತ್ತು, ಐದನೆಯದರಲ್ಲಿ ಆ ಪೂರ್ತಿ ಚಿತ್ರವೇ ಮಡಿಕೆಯಾಗಿ ಕುಳಿತಿತ್ತು. ಅಂಗಡಿಗಳು 80 ಲಕ್ಷಕ್ಕೂ ಹೆಚ್ಚು ಪ್ರತಿಗಳನ್ನು ತರಿಸಿದವು. ಅಷ್ಟು ಜನ ಓದುಗರು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಒಬ್ಬೊಬ್ಬರೇ ಐದೈದು ಕೊಂಡರು, ಉಳಿದ ರಾಶಿ ಅಂಗಡಿಗಳ ಹಿಂಬದಿಯಲ್ಲಿ ರಟ್ಟಿನ ಪೆಟ್ಟಿಗೆಗಳಲ್ಲಿ ಉಳಿಯಿತು.

ಇಂದಿನ ಪದ್ಧತಿ ಇನ್ನೂ ಸೂಕ್ಷ್ಮವಾದದ್ದು. ಸಾಮಾನ್ಯ ಮುಖಪುಟದ 25 ಪ್ರತಿಗಳನ್ನು ತರಿಸಿದ ಅಂಗಡಿಗೆ ವಿಶೇಷ ಮುಖಪುಟದ ಒಂದು ಪ್ರತಿಯನ್ನು ತರಿಸಿಕೊಳ್ಳುವ ಅವಕಾಶ ಸಿಗುತ್ತದೆ. ಈ ಪ್ರಮಾಣ ಕೆಲವೊಮ್ಮೆ 50ಕ್ಕೆ ಒಂದು, ಕೆಲವೊಮ್ಮೆ 100ಕ್ಕೆ ಒಂದು. ಹದಿನೈದೇ ಓದುಗರಿರುವ ಅಂಗಡಿಯಾತ ಆ ಒಂದು ವಿಶೇಷ ಪ್ರತಿಯನ್ನು ಹೆಚ್ಚಿನ ಬೆಲೆಗೆ ಮಾರಿ ನಷ್ಟ ತುಂಬಿಕೊಳ್ಳಬಹುದೆಂದು ಲೆಕ್ಕಹಾಕಿ ಇಪ್ಪತ್ತೈದನ್ನು ತರಿಸುತ್ತಾನೆ. ಪ್ರಕಾಶಕರ ಲೆಕ್ಕದ ಪುಸ್ತಕದಲ್ಲಿ ಇಪ್ಪತ್ತೈದೂ ಮಾರಾಟವಾದವು ಎಂದೇ ದಾಖಲಾಗುತ್ತದೆ. ಆ ಹೆಚ್ಚುವರಿ ಹತ್ತನ್ನು ಯಾರೂ ಓದಿರುವುದಿಲ್ಲ.

ಸಂಗ್ರಹದ ಹುಚ್ಚು ಕಥೆಯನ್ನೇ ನುಂಗಿದ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. 1992ರ ನವೆಂಬರಿನಲ್ಲಿ ಸೂಪರ್‌ಮ್ಯಾನ್ ಸಾಯುವ ‘ಸೂಪರ್‌ಮ್ಯಾನ್’ 75ನೆಯ ಸಂಚಿಕೆಯನ್ನು ರಕ್ತ ಸುರಿಯುವ ಲಾಂಛನ ಬರೆದ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಮೊಹರು ಮಾಡಿ ಮಾರಿದರು. ಚೀಲದೊಳಗೆ ತೋಳಿಗೆ ಕಟ್ಟಿಕೊಳ್ಳುವ ಕಪ್ಪು ಪಟ್ಟಿ, ಭಿತ್ತಿಚಿತ್ರ, ಅಂಚೆಚೀಟಿಯಂಥ ಚೀಟಿಗಳು, ಕಥೆಯೊಳಗಿನ ‘ಡೈಲಿ ಪ್ಲಾನೆಟ್’ ಪತ್ರಿಕೆಯ ನಿಧನವಾರ್ತೆ ಎಲ್ಲವೂ ಇದ್ದವು. ಚೀಲ ಹರಿದರೆ ಬೆಲೆ ಹೋಯಿತೆಂದು ಅಸಂಖ್ಯ ಜನ ಅದನ್ನು ತೆರೆಯಲೇ ಇಲ್ಲ. ತೆರೆದವರಿಗೆ ಮಾತ್ರ ಕಂಡದ್ದು ಇದು: ಹಿಂದಿನ ಸಂಚಿಕೆಗಳಲ್ಲಿ ಪುಟಕ್ಕೆ ನಾಲ್ಕು ಚಿತ್ರಚೌಕಗಳಿದ್ದುವು, ಅನಂತರ ಮೂರು, ಆಮೇಲೆ ಎರಡು, ಈ ಸಂಚಿಕೆಯಲ್ಲಿ ಪುಟವೊಂದಕ್ಕೆ ಒಂದೇ ಚಿತ್ರ. ಹೊಡೆತ ಹೆಚ್ಚಿದಂತೆ ಚೌಕಗಳು ಕಡಿಮೆಯಾಗುತ್ತ, ಉಸಿರು ಕಟ್ಟುತ್ತ ಹೋಗುವ ಈ ಲೆಕ್ಕಾಚಾರ ಅಪ್ಪಟ ಕಾಮಿಕ್ಸ್ ಕಲೆ, ಬೇರೆ ಯಾವ ಮಾಧ್ಯಮದಲ್ಲೂ ಮಾಡಲಾಗದ್ದು. ಮಾರಾಟದ ಜಾಣ್ಮೆಯೇ ಆ ಕಲೆಯನ್ನು ಕಪ್ಪು ಚೀಲದಲ್ಲಿ ಹೂತಿತು. ಇಂದಿಗೂ ಮೊಹರು ಒಡೆಯದ ಪ್ರತಿಗಳು ಎಷ್ಟು ಬೇಕಾದರೂ ಸಿಗುವುದರಿಂದ ಅವುಗಳಿಗೆ ಹೇಳಿಕೊಳ್ಳುವಂಥ ಬೆಲೆಯೂ ಇಲ್ಲ. ಕೊಳ್ಳುವವರ ಈ ಉಬ್ಬರ 1993ರಲ್ಲಿ ಇಳಿಯತೊಡಗಿತು, ಅಂಗಡಿಗಳು ಸಾಲುಸಾಲಾಗಿ ಮುಚ್ಚಿದವು, 1996ರ ಡಿಸೆಂಬರಿನಲ್ಲಿ ಮಾರ್ವೆಲ್ ಸಂಸ್ಥೆಯೇ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೊರೆಹೋಯಿತು.

ನಿಮ್ಮ ಮಟ್ಟಿಗೆ ಒಂದು ಸೂಚನೆ: ಮುಖಪುಟವನ್ನು ನೋಡಬೇಡಿ, ಅದರ ಮೂಲೆಯ ಸಂಚಿಕೆ ಸಂಖ್ಯೆಯನ್ನು ನೋಡಿ. ಆ ಸಂಖ್ಯೆಯ ಬಗ್ಗೆ ಮೇಲೆ ಇಷ್ಟೆಲ್ಲ ದೂರಿದ ಮೇಲೆ ಹೀಗೆ ಹೇಳಲು ನನಗೂ ಸಂಕೋಚವೇ.

ಪ್ರಶ್ನೆ: ಇಪ್ಪತ್ತು ಪುಟಗಳ ಕಥೆಗೆ ನಾಲ್ಕು ಡಾಲರ್ ನ್ಯಾಯವೇ?

ಉತ್ತರ: ಅಲ್ಲವೆಂದೇ ನನ್ನ ಅಭಿಪ್ರಾಯ. ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ 64 ಪುಟಗಳಿದ್ದುವು, ಬೆಲೆ 10 ಸೆಂಟ್. ಹಣದುಬ್ಬರವನ್ನು ಲೆಕ್ಕಕ್ಕೆ ಹಿಡಿದರೂ ಇಂದಿನ 3.99 ಡಾಲರ್ ಹೆಚ್ಚೇ, 4.99ರ ಸಂಚಿಕೆಗಳ ಮಾತಂತೂ ಬೇಡ. 2011ರಿಂದ ಬೆಲೆಯನ್ನು 2.99ಕ್ಕೆ ಹಿಡಿದು ನಿಲ್ಲಿಸುವೆನೆಂದು ಡಿಸಿ ಸಾರಿತು, ಜೊತೆಗೆ ಕಥೆಯ ಪುಟಗಳನ್ನು 22ರಿಂದ 20ಕ್ಕೆ ಇಳಿಸಿತು. ಬೆಲೆ ಕ್ರಮೇಣ ಮೇಲೇರಿತು, ಆ ಎರಡು ಪುಟಗಳು ಮಾತ್ರ ಹಿಂದಿರುಗಲಿಲ್ಲ.

ಪ್ರಶ್ನೆ: ಹೆಚ್ಚು ಪ್ರಸಿದ್ಧಿಯಿಲ್ಲದ ಒಬ್ಬ ನಾಯಕಿಯ ಹೊಸ ಸರಣಿ ಆರಂಭವಾದಾಗ, ಆರು ಸಂಚಿಕೆಗಳು ಸೇರಿ ಸಂಕಲನವಾಗಿ ಬಂದ ಮೇಲೆ ಕೊಳ್ಳೋಣವೆಂದು ಕಾದೆ. ಸಂಕಲನ ಬರುವ ಮೊದಲೇ ಸರಣಿಯನ್ನು ನಿಲ್ಲಿಸುವುದಾಗಿ ಪ್ರಕಟಿಸಿದರು. ಅಂಗಡಿಯವರು ‘ನೀವು ಎರಡು ತಿಂಗಳು ಮುಂಚೆ ಹೇಳಿದ್ದರೆ ತರಿಸುತ್ತಿದ್ದೆ’ ಎಂದು ನನ್ನನ್ನೇ ದೂರಿದರು. ಓದದೆ ಇರುವ ಪುಸ್ತಕ ಬೇಕೆಂದು ಮುಂಚೆಯೇ ಹೇಳುವುದು ಹೇಗೆ? ತಪ್ಪು ನನ್ನದೇ?

ಉತ್ತರ: ತಪ್ಪು ನಿಮ್ಮದಲ್ಲ, ನಿಮ್ಮ ಅಂಗಡಿಯವರದೂ ಅಲ್ಲ. ಈ ಕೊರಗಿನ ಬೇರು ಐವತ್ತು ವರ್ಷ ಹಿಂದಿನದು. ಒಂದು ಕಾಲದಲ್ಲಿ ಕಾಮಿಕ್ಸ್ ಪತ್ರಿಕೆ ಮಾರುವ ಕಟ್ಟೆಗಳಲ್ಲಿ ಸಿಗುತ್ತಿದ್ದವು, ಉಳಿದ ಪ್ರತಿಗಳನ್ನು ಹಿಂದಿರುಗಿಸಿ ಹಣ ಪಡೆಯಬಹುದಾಗಿತ್ತು. ಅಚ್ಚಾದದ್ದರಲ್ಲಿ ಬಹುಭಾಗ ಮಾರಾಟವಾಗದೆ ಹಿಂದಿರುಗುತ್ತಿತ್ತು. 1970ರ ದಶಕದ ಆರಂಭದಲ್ಲಿ ಫಿಲ್ ಸ್ಯೂಲಿಂಗ್ ಎಂಬವರು ಪ್ರಕಾಶಕರೊಂದಿಗೆ ಬೇರೆಯೇ ಒಪ್ಪಂದ ಮಾಡಿಕೊಂಡರು: ಕಾಮಿಕ್ಸ್ ಅಂಗಡಿಗಳಿಗೆ ಹೆಚ್ಚಿನ ರಿಯಾಯಿತಿ ಕೊಡಿ, ಅವರು ಒಂದು ಪ್ರತಿಯನ್ನೂ ಹಿಂದಿರುಗಿಸುವುದಿಲ್ಲ. ‘ಡೈರೆಕ್ಟ್ ಮಾರ್ಕೆಟ್’ ಎಂದು ಕರೆಯುವುದು ಇದನ್ನೇ. ಕಟ್ಟೆಗಳಲ್ಲಿ ಮಾರಾಟ ಕುಸಿಯುತ್ತಿದ್ದ ಕಾಲಕ್ಕೆ ಉದ್ಯಮವನ್ನು ಉಳಿಸಿದ್ದು ಅದೇ, ಸಣ್ಣ ಪ್ರಕಾಶಕರು ತಲೆಯೆತ್ತಲು ಸಾಧ್ಯವಾದದ್ದೂ ಅದರಿಂದಲೇ. ಆದ್ದರಿಂದ ಅದನ್ನು ಸುಮ್ಮನೆ ಬೈಯುವಂತಿಲ್ಲ.

ಆದರೆ ಆ ಒಪ್ಪಂದದೊಡನೆ ಪ್ರಕಾಶಕರ ಗಿರಾಕಿಯೇ ಬದಲಾದ. ಅಂಗಡಿ ಕೊಂಡೊಡನೆ ಅವರ ವ್ಯಾಪಾರ ಮುಗಿಯಿತು, ಆಮೇಲೆ ಆ ಪ್ರತಿಯನ್ನು ಯಾರಾದರೂ ಓದಲಿ, ಬಿಡಲಿ. ನಷ್ಟದ ಭಾರವೆಲ್ಲ ಅಂಗಡಿಯಾತನ ಹೆಗಲಿಗೆ ಬಿತ್ತು. ಪ್ರಕಟಣೆಗೆ ಎರಡು ಮೂರು ತಿಂಗಳು ಮುಂಚೆ ಸೂಚಿಪತ್ರ ಬರುತ್ತದೆ, ಅದರಲ್ಲಿರುವುದು ಒಂದು ಮುಖಪುಟ ಮತ್ತು ನಾಲ್ಕು ಸಾಲಿನ ವರ್ಣನೆ. ಅಷ್ಟರ ಆಧಾರದ ಮೇಲೆ ಬೇಡಿಕೆ ಸಲ್ಲಿಸಬೇಕು. ಅದನ್ನು ತಿದ್ದಲು ಸುಮಾರು ಮೂರು ವಾರ ಮುಂಚಿನ ಕೊನೆಯ ಗಡುವೊಂದಿರುತ್ತದೆ. ಲೆಕ್ಕ ಹಾಕಿ ನೋಡಿ: ಮೊದಲ ಸಂಚಿಕೆ ನಿಮ್ಮ ಕೈಗೆ ಬರುವ ದಿನಕ್ಕೆ ಎರಡನೆಯದರ ಬೇಡಿಕೆ ಆಗಲೇ ಸಲ್ಲಿಕೆಯಾಗಿರುತ್ತದೆ, ತಿದ್ದಲು ಉಳಿದಿರುವುದು ಒಂದು ವಾರದಷ್ಟು. ನೀವು ಓದಿ, ಮೆಚ್ಚಿ, ನಾಲ್ವರಿಗೆ ಹೇಳುವಷ್ಟರಲ್ಲಿ ಆ ಸರಣಿಯ ಹಣೆಬರಹ ಬರೆದಾಗಿರುತ್ತದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದನ್ನು ನಗುವ ವಿಷಯವೆಂದು ಗಾದೆ ಹೇಳುತ್ತದೆ. ಇಲ್ಲಿ ಕುಲಾವಿ ಹೊಲಿಸದಿದ್ದರೆ ಕೂಸೇ ಉಳಿಯುವುದಿಲ್ಲ.

ಸ್ಪೈಡರ್‌ಮ್ಯಾನ್, ಬ್ಯಾಟ್‌ಮ್ಯಾನ್‌ರಿಗೆ ಇದರಿಂದ ತೊಂದರೆಯಿಲ್ಲ, ಅವರು ಮಾರಾಟವಾಗುತ್ತಾರೆಂದು ಅಂಗಡಿಯಾತನಿಗೆ ಗೊತ್ತು. ಪೆಟ್ಟು ಬೀಳುವುದು ನೀವು ಹೇಳಿದಂಥ ಅಪರಿಚಿತ ನಾಯಕಿಗೆ. ಬಹಳಷ್ಟು ಕಥೆಗಳನ್ನು ಐದಾರು ಸಂಚಿಕೆಗಳ ಸಂಕಲನಕ್ಕೆ ಹೊಂದುವಂತೆ ಎಳೆದು ಬರೆಸುವವರು ಪ್ರಕಾಶಕರೇ, ಸಂಕಲನಕ್ಕಾಗಿ ಕಾದವರನ್ನು ಲೆಕ್ಕಕ್ಕೆ ಹಿಡಿಯದೆ ಸರಣಿಯನ್ನು ನಿಲ್ಲಿಸುವವರೂ ಅವರೇ. ಅದಕ್ಕಿಂತ ನನಗೆ ಸಿಟ್ಟು ಬರುವುದು ಪ್ರಚಾರದ ಹೊಣೆಯನ್ನು ಓದುಗರ ಮೇಲೆ ಹೊರಿಸುವ ರೀತಿಗೆ. ಸರಣಿ ಉಳಿಯಬೇಕೆಂದರೆ ಮುಂಗಡವಾಗಿ ಕಾಯ್ದಿರಿಸಿ ಎಂದು ಲೇಖಕರು, ಚಿತ್ರಕಾರರು ಓದುಗರಲ್ಲಿ ಬೇಡಿಕೊಳ್ಳಬೇಕಾದ ಸ್ಥಿತಿ ಇದೆ. ಇದೇ ಪಾತ್ರಗಳ ಸಿನಿಮಾಗಳಿಗೆ ಕೋಟಿಗಟ್ಟಲೆ ಡಾಲರ್ ಪ್ರಚಾರಕ್ಕೆ ಸುರಿಯುವ ಮಾತೃಸಂಸ್ಥೆಗಳು, ಸಿನಿಮಾ ನೋಡಿ ಹೊರಬಂದವನಿಗೆ ‘ಇದರ ಪುಸ್ತಕ ಇಂಥಲ್ಲಿದೆ’ ಎಂದು ಹೇಳುವಷ್ಟೂ ಕಷ್ಟಪಡುವುದಿಲ್ಲ.

ವಿತರಣೆಯ ಕಥೆಯೂ ನೆಮ್ಮದಿಯದಲ್ಲ. 1990ರ ದಶಕದ ಕೊನೆಯಿಂದ ಡೈಮಂಡ್ ಎಂಬ ಒಂದೇ ಸಂಸ್ಥೆ ದೊಡ್ಡ ಪ್ರಕಾಶಕರೆಲ್ಲರ ಸರಕನ್ನು ಅಂಗಡಿಗಳಿಗೆ ತಲುಪಿಸುತ್ತಿತ್ತು. 2020ರಲ್ಲಿ ಡಿಸಿ ಅದನ್ನು ಬಿಟ್ಟಿತು, 2021ರಲ್ಲಿ ಮಾರ್ವೆಲ್ ಪೆಂಗ್ವಿನ್ ರ‍್ಯಾಂಡಮ್ ಹೌಸ್ ಕಡೆಗೆ ಹೋಯಿತು, 2025ರ ಜನವರಿಯಲ್ಲಿ ಡೈಮಂಡ್ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಮೊದಲು ಒಂದು ಪಟ್ಟಿ ತುಂಬುತ್ತಿದ್ದ ಅಂಗಡಿಯಾತ ಈಗ ಹಲವು ಪಟ್ಟಿಗಳನ್ನು, ಹಲವು ಗಡುವುಗಳನ್ನು ಸಂಭಾಳಿಸುತ್ತಾನೆ. ನಿಮ್ಮನ್ನು ದೂರಿದವರ ಮೇಲೆ ಅಷ್ಟು ಬೇಸರಪಡಬೇಡಿ. ಅವರಲ್ಲಿ ಪುಲ್ ಲಿಸ್ಟ್ ಎಂಬ ಖಾಯಂ ಪಟ್ಟಿ ಇರುತ್ತದೆ, ಸರಣಿಯ ಬದಲು ನಿಮಗೆ ನಂಬಿಕೆಯಿರುವ ಲೇಖಕರ ಹೆಸರನ್ನು ಅದರಲ್ಲಿ ಬರೆಸಿಡಿ. ಕೆಟ್ಟ ವ್ಯವಸ್ಥೆಯೊಳಗೆ ಇದೊಂದು ಸಣ್ಣ ಕಿಂಡಿ, ಅಷ್ಟೇ.

ಪ್ರಶ್ನೆ: ಬಿಡಿ ಸಂಚಿಕೆಗಳ ಸಹವಾಸವೇ ಬೇಡವೆಂದು ಹಳೆಯ ಕಥೆಗಳ ದಪ್ಪ ಸಂಕಲನಗಳನ್ನು ಕೊಳ್ಳತೊಡಗಿದೆ. ಮೂರನೆಯ ಸಂಪುಟ ಸಿಕ್ಕಿತು, ಹದಿನೇಳನೆಯದು ಸಿಕ್ಕಿತು, ಮೊದಲ ಎರಡು ಎಲ್ಲಿಯೂ ಇಲ್ಲ. ನಾನೇನು ತಪ್ಪು ಮಾಡಿದೆ?

ಉತ್ತರ: ಮಾರ್ವೆಲ್‌ನ ‘ಎಪಿಕ್ ಕಲೆಕ್ಷನ್’ ಮಾಲೆಯಲ್ಲಿ ಬೆನ್ನಿನ ಮೇಲಿನ ಸಂಖ್ಯೆ ಕಥೆಯ ಕಾಲಾನುಕ್ರಮವನ್ನು ಸೂಚಿಸುತ್ತದೆ, ಪುಸ್ತಕ ಪ್ರಕಟವಾದ ಕ್ರಮವನ್ನಲ್ಲ. ಹದಿನೇಳನೆಯದು ಮೊದಲು ಬಂದು ಎರಡನೆಯದು ವರ್ಷಗಳ ಮೇಲೆ ಬರಬಹುದು, ಅಷ್ಟರಲ್ಲಿ ಮೊದಲನೆಯದರ ಮುದ್ರಣ ಮುಗಿದಿರಬಹುದು. ಮರುಮುದ್ರಣವಾಗುತ್ತದೆ, ಯಾವಾಗ ಎಂಬುದನ್ನು ಮುಂಚಿತವಾಗಿ ತಿಳಿಯುವಂತಿಲ್ಲ. ಹಳೆಯ ಪ್ರತಿಗೆ ದುಪ್ಪಟ್ಟು ಕೊಡುವ ಮೊದಲು ಕಾದು ನೋಡಿ. ನನ್ನ ಕಪಾಟಿನಲ್ಲಿಯೂ ನಾಲ್ಕರ ಪಕ್ಕದಲ್ಲಿ ಏಳು ನಿಂತಿದೆ, ನಡುವೆ ಎರಡು ಪುಸ್ತಕಗಳಷ್ಟು ಜಾಗ ಬಿಟ್ಟಿದ್ದೇನೆ.