ರೋಗಿಗಳ ಗುರುತು ಕಾಪಾಡುತ್ತಾ ಆರೋಗ್ಯದ ನಕ್ಷೆ ಮಾಡುವ ಸಂಶೋಧನಾ ಹುದ್ದೆ ಸಿಕ್ಕಿದೆ, ಪ್ರೈವಸಿಯ ಗಣಿತ ಬರಲ್ಲ. ಸೇರಲಾ?

ಜಿಐಎಸ್‌ನಲ್ಲಿ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ವಿದ್ಯೆ) ಎಂ.ಟೆಕ್, ಕೈಯಲ್ಲಿ ಎರಡು ವರ್ಷದ ಆಫರ್, ಡಿಫರೆನ್ಷಿಯಲ್ ಪ್ರೈವಸಿ (ಲೆಕ್ಕ ಹಾಕಿ ಗೊಂದಲ ಬೆರೆಸಿ ಒಬ್ಬೊಬ್ಬರ ಗುರುತು ಮರೆಸುವ ಗಣಿತ) ಅಂದರೆ ಭಯ. ಮೊದಲು ಕೋರ್ಸ್ ಮಾಡಲಾ, ಇಲ್ಲ ಬೆಂಗಳೂರಿನ ಕಂಪನಿ ಕೆಲಸಕ್ಕೇ ಹೋಗಲಾ ಅಂತ ಕೇಳಿದ್ದೀರಿ. ಕೆಲವು ವರ್ಷದ ಹಿಂದೆ ನಾನೇ ಬರೆದ ಮೇಲ್ ಓದಿದ ಹಾಗಾಯಿತು.

ನನಗೂ ಆ ಗಣಿತ ಬರುತ್ತಿರಲಿಲ್ಲ. ಮೂರು ತಿಂಗಳು ಕೂತು ಕಲಿತೆ. ಆದರೆ ನನ್ನ ಕೆಲಸ ಕಳೆದದ್ದು ಹೈಸ್ಕೂಲಿನ ಸರಾಸರಿ ಲೆಕ್ಕ.

ಅಂಥದೇ ಹುದ್ದೆಗೆ ನನ್ನ ಸಂದರ್ಶನ ಚೆನ್ನಾಗಿಯೇ ಆಗಿತ್ತು. 1854ರ ಲಂಡನ್ ಕಾಲರಾ, ವೈದ್ಯ ಜಾನ್ ಸ್ನೋ, ರೋಗ ಹರಡಿದ ಬ್ರಾಡ್ ಸ್ಟ್ರೀಟಿನ ನೀರಿನ ಪಂಪು, ಅದರ ಸುತ್ತ ಮನೆಮನೆಯ ಸಾವನ್ನು ಗುರುತು ಹಾಕಿದ ನಕ್ಷೆ, ಎಲ್ಲಾ ಹೇಳಿದೆ. ಆ ಕಥೆ ಹೇಳದವರಿಗೆ ನಮ್ಮ ವಿಷಯದಲ್ಲಿ ಕೆಲಸ ಸಿಗುವುದಿಲ್ಲ ಬಿಡಿ. ಅದೇ ನಕ್ಷೆಯನ್ನು ಇವತ್ತು ತಗೊಂಡು ಹೋದರೆ ಯಾವ ಎಥಿಕ್ಸ್ ಕಮಿಟಿಯೂ ಒಪ್ಪುವುದಿಲ್ಲ ಅನ್ನುವುದು ನನಗಾಗ ಹೊಳೆದಿರಲಿಲ್ಲ.

ಕೊಟ್ಟ ಡೇಟಾ ಮಲೆನಾಡಿನ ಒಂದು ತಾಲ್ಲೂಕಿನ ಟಿಬಿ ರೋಗಿಗಳದ್ದು. ಯಾವ ತಾಲ್ಲೂಕು ಅಂತ ಹೇಳುವುದಿಲ್ಲ. ಹೇಳಿದರೆ ಅದೇ ತಪ್ಪನ್ನು ಇಲ್ಲಿ ಮತ್ತೆ ಮಾಡಿದ ಹಾಗೆ. ಪ್ರತಿ ವಾರ ತಾಲ್ಲೂಕು ಮೀಟಿಂಗಿಗೆ ಒಂದು ನಕ್ಷೆ ಹೋಗಬೇಕು. ಚಿಕಿತ್ಸೆಯಲ್ಲಿ ಇರುವವರೆಲ್ಲ ಅದರಲ್ಲಿ ಚುಕ್ಕೆಗಳು. ಹೆಸರು ತೆಗೆದೆ, ರೋಗಿಯ ನಂಬರು ತೆಗೆದೆ, ವಯಸ್ಸೂ ತೆಗೆದೆ. ಸಾಲದು ಅಂತ ಪ್ರತಿ ಚುಕ್ಕೆಯನ್ನೂ ನಿಜವಾದ ಮನೆಯಿಂದ 500 ಮೀಟರ್ ಒಳಗೆ ಎಲ್ಲಾದರೂ ಬೀಳುವ ಹಾಗೆ ಸರಿಸಿದೆ. ಎಲ್ಲಿಗೆ ಅನ್ನುವುದನ್ನು ಕಂಪ್ಯೂಟರೇ ಲಾಟರಿ ಎತ್ತಿ ತೀರ್ಮಾನಿಸುತ್ತಿತ್ತು.

ಈಗ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ. ಆ ಲಾಟರಿಯನ್ನು ನಾನು ಪ್ರತಿ ವಾರ ಹೊಸದಾಗಿ ಎತ್ತುತ್ತಿದ್ದೆ. ಪ್ರತಿ ಸೋಮವಾರ ಸ್ಕ್ರಿಪ್ಟ್ ಓಡಿಸಿದರೆ ಚುಕ್ಕೆ ಬೇರೆ ಜಾಗಕ್ಕೆ ಹಾರುತ್ತಿತ್ತು. ಹೊಸ ಹೊಸ ಜಾಗ ಅಂದರೆ ಗುಟ್ಟು ಇನ್ನೂ ಭದ್ರ ಅಂತ ನನ್ನ ನಂಬಿಕೆ. ಉಲ್ಟಾ. ಒಂದು ವಾರದ ಚುಕ್ಕೆ ಮನೆಯ ಪೂರ್ವಕ್ಕೆ, ಮುಂದಿನ ವಾರದ್ದು ಪಶ್ಚಿಮಕ್ಕೆ, ಆಮೇಲೆ ಉತ್ತರಕ್ಕೆ. ಎಲ್ಲವನ್ನೂ ಒಟ್ಟಿಗೆ ಇಟ್ಟರೆ ನಡುವೆ ಮನೆ! ಲೆಕ್ಕ ಬೇಕಾದರೆ ಇದು: 500 ಮೀಟರಿನ ವೃತ್ತದಲ್ಲಿ ಹೀಗೆ ಎಸೆದರೆ ಒಂದು ಚುಕ್ಕೆ ಮನೆಯಿಂದ ಸುಮಾರು 350 ಮೀಟರ್ ತಪ್ಪುತ್ತದೆ. 16 ವಾರದ ಸರಾಸರಿ ತೆಗೆದರೆ ಆ ತಪ್ಪು 16ರ ವರ್ಗಮೂಲದಷ್ಟು, ಅಂದರೆ ನಾಲ್ಕು ಪಟ್ಟು ಇಳಿಯುತ್ತದೆ. ಉಳಿಯುವುದು ಸುಮಾರು 90 ಮೀಟರ್. ಟಿಬಿ ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು. ಅಂದರೆ ಒಬ್ಬ ರೋಗಿಗೆ ಇಪ್ಪತ್ತಕ್ಕೂ ಜಾಸ್ತಿ ಚುಕ್ಕೆ. ನಾನೇ ಕೂತು ವಾರವಾರ ಮನೆಯ ವಿಳಾಸ ಬರೆದುಕೊಟ್ಟ ಹಾಗಾಯಿತು.

ಜಯನಗರದಲ್ಲಿ 90 ಮೀಟರ್ ಅಂದರೆ ಎಷ್ಟು ಮನೆ, ಎಷ್ಟು ಮಹಡಿ! ಮಲೆನಾಡಿನಲ್ಲಿ? ತೋಟದ ತಲೆಗೆ ಒಂದು ಮನೆ, ಪಕ್ಕದ ಮನೆ ಗುಡ್ಡದ ಆಚೆ. ನಂಬರು ತೆಗೆದಿದ್ದರಿಂದಲೂ ಏನೂ ಉಪಯೋಗ ಆಗಲಿಲ್ಲ. ಆ ಕಡೆಗೆಲ್ಲಾ ಇದ್ದದ್ದು ಒಂದೇ ಚುಕ್ಕೆ, ಯಾವ ವಾರದ್ದಾದರೂ ಅದೇ ರೋಗಿಯದ್ದು ಅಂತ ಗೊತ್ತಾಗುತ್ತಿತ್ತು.

ಇದನ್ನು ನನಗೆ ತೋರಿಸಿದ್ದು ಯಾವ ಪ್ರೊಫೆಸರೂ ಅಲ್ಲ, ಒಬ್ಬ ಆಶಾ ಕಾರ್ಯಕರ್ತೆ. ಮೀಟಿಂಗಿನ ಪಿಡಿಎಫ್‌ಗಳು ಹೇಗೋ ವಾಟ್ಸಾಪ್ ಗುಂಪುಗಳಿಗೆ ಹೋಗಿದ್ದವು. ಅವರು ಫೋನಿನಲ್ಲಿ ಒಂದಾದ ಮೇಲೆ ಒಂದನ್ನು ಬೆರಳಲ್ಲಿ ಸರಸರ ಸರಿಸಿದರು. "ನೋಡಿ ಸಾರ್, ಈ ಚುಕ್ಕಿ ಅವರ ಮನೆ ಸುತ್ತಾನೇ ಕುಣೀತದೆ."

"ಅಕ್ಕಾ, ಇದರಲ್ಲಿ ಹೆಸರೇ ಇಲ್ವಲ್ಲ" ಅಂದೆ.

"ಹೆಸರು ಯಾರಿಗೆ ಬೇಕು ಸಾರ್? ಅಲ್ಲಿ ಇನ್ಯಾರ ಮನೆ ಇದೆ?"

ಆ ಮನೆಯವರ ಹಾಲನ್ನು ಅಷ್ಟು ಹೊತ್ತಿಗೆ ಯಾರೂ ಕೊಳ್ಳುತ್ತಿರಲಿಲ್ಲ. ರೋಗಿ ತಮ್ಮೂರ ಆಸ್ಪತ್ರೆಗೆ ಮಾತ್ರೆಗೆ ಬರುವುದನ್ನೇ ಬಿಟ್ಟಿದ್ದರು. ಬೇರೆ ತಾಲ್ಲೂಕಿಗೆ ಹೋಗಿ ಮತ್ತೆ ಶುರು ಮಾಡುವುದರ ನಡುವೆ ಎರಡು ವಾರ ಮಾತ್ರೆ ತಪ್ಪಿತ್ತು. ಟಿಬಿಯಲ್ಲಿ ಮಾತ್ರೆ ತಪ್ಪಿದರೆ ಔಷಧಿಗೆ ಬಗ್ಗದ ಟಿಬಿ ಆಗುವ ಅಪಾಯ ಇದೆ. ಅವರು ಗುಣ ಆದರು ಅಂತ ಆಮೇಲೆ ಅಕ್ಕನಿಂದಲೇ ತಿಳಿಯಿತು. ನನ್ನ ಕಡೆ ಆಗಿದ್ದು ಇಷ್ಟೇ: ಡೇಟಾ ಮುಚ್ಚಿದರು, ಎರಡನೇ ವರ್ಷಕ್ಕೆ ಕರೆಯಲಿಲ್ಲ.

ಓದಿಕೊಂಡಿದ್ದರೆ ತಪ್ಪುತ್ತಿತ್ತಾ? ನಾನು ಓದಿದ್ದೆ ಮಾರಾಯರೇ! 2006ರಲ್ಲಿ ಅಮೆರಿಕದ ಸಂಶೋಧಕರು ಚುಕ್ಕೆ ನಕ್ಷೆಯೊಂದರಿಂದ 550 ವಿಳಾಸಗಳಲ್ಲಿ 432 ಅನ್ನು ಕರಾರುವಾಕ್ಕಾಗಿ ಹಿಂದಕ್ಕೆ ಹುಡುಕಿದ್ದು ನನ್ನ ಪ್ರಸ್ತಾವನೆಯಲ್ಲೇ ಇತ್ತು. ಲತಾನ್ಯಾ ಸ್ವೀನಿ ಅನ್ನುವ ಸಂಶೋಧಕಿ ಮತದಾರರ ಪಟ್ಟಿ ಇಟ್ಟುಕೊಂಡು ಮ್ಯಾಸಚೂಸೆಟ್ಸ್ ಗವರ್ನರ್ ಅವರ ಆಸ್ಪತ್ರೆ ದಾಖಲೆಯನ್ನೇ ಪತ್ತೆ ಮಾಡಿದ್ದೂ ಇತ್ತು. ಅಷ್ಟು ದೂರ ಯಾಕೆ, 2020ರ ಕೊರೊನಾ ಬುಲೆಟಿನ್ ನೆನಪಿದೆ ಅಲ್ವಾ? ಹೆಸರಿಲ್ಲ. "ಪಿ" ಅಂತ ಒಂದು ನಂಬರು, ವಯಸ್ಸು, ಗಂಡೋ ಹೆಣ್ಣೋ, ಊರು. ಸಣ್ಣ ಊರಿನವರಿಗೆ ಅಷ್ಟು ಸಾಕಿತ್ತು. ಇದೆಲ್ಲಾ ಗೊತ್ತಿದ್ದೂ, ಆ ಹಳ್ಳಿಯಲ್ಲಿ ಒಂದು ದಿನ ನಡೆದಾಡಿರಲಿಲ್ಲ.

ಹಾಗಾಗಿ ಮೊದಲು ಗಣಿತದ ಕೋರ್ಸಾ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಗಣಿತವನ್ನು ಕೆಲಸ ಮಾಡುತ್ತಲೇ ಕಲಿಯಿರಿ. ಡಿಫರೆನ್ಷಿಯಲ್ ಪ್ರೈವಸಿಯಲ್ಲಿ ಎಪ್ಸಿಲಾನ್ ಅಂತ ಒಂದು ಬಜೆಟ್ ಇದೆ. ಅದು ರೇಷನ್ ಕಾರ್ಡಿನ ಹಾಗೆ. ಪ್ರತಿ ಸಲ ಡೇಟಾದಿಂದ ಏನಾದರೂ ಹೊರಗೆ ಬಿಟ್ಟಾಗ ಒಂದಿಷ್ಟು ಖರ್ಚು. 2006ರಿಂದ ಈ ಗಣಿತ ಕಟ್ಟಿದ ಸಿಂಥಿಯಾ ಡ್ವರ್ಕ್ ಮತ್ತವರ ಜೊತೆಯವರು ಹೇಳುತ್ತಾ ಬಂದದ್ದರಲ್ಲಿ ನನಗೆ ತಡವಾಗಿ ಅರ್ಥವಾಗಿದ್ದು ಇದೊಂದು. ನಾನು ಲೆಕ್ಕ ಇಡದೆ ಪ್ರತಿ ವಾರ ಸಕ್ಕರೆ ಎತ್ತಿದೆ. ಚುಕ್ಕೆಯೇ ಬೇಕಿದ್ದರೆ ಒಂದು ಸಲ ಸರಿಸಿ, ಅದೇ ಜಾಗವನ್ನು ಕೊನೆಯವರೆಗೂ ಇಡಬೇಕಿತ್ತು. ಎಷ್ಟು ಮೀಟರ್ ಅಂತ ನೋಡದೆ, ನಡುವೆ ಎಷ್ಟು ಮನೆ ಬರುತ್ತದೆ ಅಂತ ನೋಡಬೇಕಿತ್ತು. ನಿಜ ಹೇಳಬೇಕೆಂದರೆ ಆ ಮೀಟಿಂಗಿಗೆ ಚುಕ್ಕೆಯೇ ಬೇಡವಾಗಿತ್ತು, ಹೋಬಳಿವಾರು ಸಂಖ್ಯೆ ಸಾಕಿತ್ತು. ಚುಕ್ಕೆ ಚೆನ್ನಾಗಿ ಕಾಣುತ್ತದೆ ಅಂತ ಹಾಕಿದೆ.

ಹೋಬಳಿಗೆ ಏರಿಸಿದರೆ ಎಲ್ಲಾ ಮುಗಿಯಿತು ಅಂತಲೂ ಅಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆಗೆ ಪ್ರಪಂಚದ ಪುಸ್ತಕಗಳಲ್ಲೆಲ್ಲ ಇವತ್ತಿಗೂ ಆ ಊರಿನದೇ ಹೆಸರು. ಊರಿಗೂ ಒಂದು ಮಾನ ಇದೆ. ಅದಕ್ಕೆ ಎಪ್ಸಿಲಾನ್ ಇಲ್ಲ.

ಕಾನೂನು ನೋಡಿಕೊಳ್ಳುತ್ತದೆ ಅಂತ ಸುಮ್ನೆ ಕೂರಬೇಡಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಸಂಶೋಧನೆಗೆ ವಿನಾಯಿತಿ ಇದೆ.

ಸಂಬಳ ಕಂಪನಿಗಿಂತ ಕಮ್ಮಿ, ಹೌದು. ಆದರೂ ಸೇರಿ, ಒಂದು ಷರತ್ತಿನ ಮೇಲೆ. ಒಪ್ಪುವ ಮೊದಲು ಅವರಿಗೆ ಎರಡು ಪ್ರಶ್ನೆ ಕೇಳಿ. ಡೇಟಾ ಬಂದ ಊರಿಗೆ ನನ್ನನ್ನು ಕಳಿಸುತ್ತೀರಾ? ಹೊರಗೆ ಹೋಗುವ ಪ್ರತಿ ನಕ್ಷೆಯ ಲೆಕ್ಕ ಇಡುವವರು, ಬೇಡ ಅನ್ನುವ ಅಧಿಕಾರ ಇರುವವರು ಯಾರು? "ಅದೆಲ್ಲ ಆಮೇಲೆ ನೋಡೋಣ" ಅಂದರೆ ಕಂಪನಿ ಕೆಲಸಕ್ಕೆ ಹೋಗಿ. ನನಗೂ ಹಾಗೇ ಅಂದಿದ್ದರು.